ಕ್ಯಾಸೆಟ್ ಹೊರಬಂತು, ಇನ್ನು ಋಣದ ಮಾತು

ಶನಿವಾರ ಸಂಜೆ ನಮ್ಮ ಎಲೆಕ್ಟ್ರಾನಿಕ್ ಸಂಗೀತದ ಕ್ಯಾಸೆಟ್ ಬಿಡುಗಡೆ ಆಯಿತು. ಒಂಬತ್ತು ಜನ, ಒಂಬತ್ತು ಟ್ರ್ಯಾಕ್, 58 ನಿಮಿಷ. ಮಾಡಿದ್ದು 100 ಪ್ರತಿ, ಮನೆಯಲ್ಲೇ ಮೂರು ಟೇಪ್ ಡೆಕ್‌ಗಳಲ್ಲಿ (ಕ್ಯಾಸೆಟ್ ರೆಕಾರ್ಡ್ ಮಾಡುವ ಯಂತ್ರ) ತುಂಬಿಸಿ. ಇವತ್ತು ಬೆಳಿಗ್ಗೆ ಎಣಿಸಿದಾಗ 11 ಉಳಿದಿದ್ದವು. ಅಪ್ಪನ ಆಸ್ಪತ್ರೆ, ಆಮೇಲೆ ಅವರ ಸಾವು, ಜನವರಿಯಿಂದ ನಮ್ಮ ಮನೆಯಲ್ಲಿ ಏನೆಲ್ಲ ಆಯಿತು ಅನ್ನುವುದು ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ಇದು ಥ್ಯಾಂಕ್ಸ್ ಹೇಳುವುದಕ್ಕೆ.

ಈ ಕಾಲದಲ್ಲಿ ಕ್ಯಾಸೆಟ್ ಯಾಕೆ ಎಂದು ತುಂಬಾ ಜನ ಕೇಳಿದಿರಿ. 1969ರಲ್ಲಿ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ಗೆ ಒಂದು ಮೂಗ್ ಸಿಂಥಸೈಸರ್, ಅಂದರೆ ಕರೆಂಟಿನಿಂದ ಸದ್ದು ಹುಟ್ಟಿಸುವ ವಾದ್ಯ, ಬಂತು. ಅಮೆರಿಕದಿಂದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಜೋಡಿಸಿಕೊಟ್ಟರು. ಗೀತಾ ಸಾರಾಭಾಯ್, ಅತುಲ್ ದೇಸಾಯಿ, ಜಿನ್‌ರಾಜ್ ಜೋಶಿಪುರ ಇಂಥವರು ಅಲ್ಲಿ ಕೂತು ಸದ್ದು ಹುಡುಕಿದರು. ಆಮೇಲೆ ಆ ಟೇಪುಗಳು ಅಲ್ಲೇ ಇದ್ದುಬಿಟ್ಟವು. ಲಂಡನ್ನಿನ ಕಲಾವಿದ ಪಾಲ್ ಪರ್ಗಾಸ್ ಅವುಗಳನ್ನು ಹುಡುಕಿ ತೆಗೆದರು. 2023ರಲ್ಲಿ ಅವು ಆಲ್ಬಂ ಆಗಿ ಬಂದಾಗ ನಾನು ರಾತ್ರಿಯೆಲ್ಲ ಕೇಳಿದೆ. ನಾವು ಮಾಡುವ ಈ ಸಂಗೀತಕ್ಕೆ ನಮ್ಮ ದೇಶದಲ್ಲಿ ಹಿಂದಿನವರು ಯಾರೂ ಇಲ್ಲ ಅಂದುಕೊಂಡಿದ್ದೆ. ಇದ್ದರು. ಯಾರೋ ಆ ಟೇಪುಗಳನ್ನು ಎಸೆಯದೆ ಇಟ್ಟಿದ್ದರಿಂದ ನನಗೆ ಅದು ಗೊತ್ತಾಯಿತು. ನಮ್ಮದೂ ಕೈಯಲ್ಲಿ ಹಿಡಿಯುವಂಥ ವಸ್ತುವಾಗಿ ಯಾರದೋ ಮನೆಯ ಬೀರುವಿನಲ್ಲಿ ಉಳಿಯಲಿ ಅನ್ನಿಸಿತು.

ಧಾರವಾಡ, ಮಂಗಳೂರು, ಮೈಸೂರು, ಬೆಂಗಳೂರು, ಬರ್ಲಿನ್‌ಗಳಿಂದ ಟ್ರ್ಯಾಕ್ ಕಳಿಸಿ ತಿಂಗಳುಗಟ್ಟಲೆ ಕಾದ ಎಂಟು ಗೆಳೆಯರಿಗೆ, ಮದುವೆ ಕಾರ್ಡಿನ ಸೀಸನ್ ನಡುವೆಯೂ ನಮ್ಮ ಕವರ್ ಮುದ್ರಿಸಿಕೊಟ್ಟ ಸುಲ್ತಾನ್‌ಪೇಟೆಯ ಅಣ್ಣನಿಗೆ, ಮುಂಚಿತವಾಗಿ ದುಡ್ಡು ಹಾಕಿದ ಎಲ್ಲರಿಗೆ, ಊಟ ಮಾಡಿದ್ಯಾ ಎಂದು ದಿನಾ ಕೇಳಿದ ಅಕ್ಕನಿಗೆ ನಮಸ್ಕಾರ.

ಇನ್ನು ಮೇಷ್ಟ್ರ ವಿಷಯ.

ಅವರು ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಸಂದಿಯಲ್ಲಿ ಟೇಪ್ ಡೆಕ್ ರಿಪೇರಿ ಮಾಡುತ್ತಾರೆ. ಹೆಸರು ಹಾಕಬೇಡ ಅಂದಿದ್ದಾರೆ. ನಾವೆಲ್ಲ ಮೇಷ್ಟ್ರು ಅಂತಲೇ ಕರೆಯುವುದು. ಬಿಡುಗಡೆಗೆ ಎರಡು ದಿನ ಇತ್ತು. ಅಪ್ಪನ ಹದಿಮೂರನೇ ದಿನ ಮುಗಿದು ಒಂದು ವಾರವೂ ಆಗಿರಲಿಲ್ಲ. ಅವತ್ತು ರಾತ್ರಿ ಸುಮ್ನೆ ಒಂದು ಪ್ರತಿಯನ್ನು ಅಕ್ಕನ ಹಳೆಯ ಟೇಪ್ ರೆಕಾರ್ಡರ್‌ಗೆ ಹಾಕಿದೆ. ಸದ್ದು ಮಂಕಾಗಿತ್ತು, ಕಂಬಳಿ ಹೊದಿಸಿದ ಹಾಗೆ. ಇನ್ನೊಂದು ಹಾಕಿದೆ. ಅದೂ ಹಾಗೇ. ಮೂರನೇ ಡೆಕ್‌ನಲ್ಲಿ ತುಂಬಿಸಿದ ಕೊನೆಯ 24 ಕ್ಯಾಸೆಟ್ಟೂ ಕೆಟ್ಟಿದ್ದವು. ಅದೇ ಡೆಕ್‌ನಲ್ಲಿ ಹಾಕಿದರೆ ಸರಿಯಾಗಿ ಕೇಳುತ್ತಿತ್ತು. ಅದಕ್ಕೇ ಅಷ್ಟು ದಿನ ಗೊತ್ತಾಗಿರಲಿಲ್ಲ.

ನಾನು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಎಲ್ಲರ ದುಡ್ಡು ವಾಪಸ್ ಕೊಟ್ಟು ಇದನ್ನು ನಿಲ್ಲಿಸಿಬಿಡೋಣ ಅನ್ನಿಸಿತು. ಅದಕ್ಕೆ ಮುಂಚೆ ಮೇಷ್ಟ್ರಿಗೆ ಒಂದು ಫೋನ್ ಮಾಡಿದೆ. ಆಗ ಒಂಬತ್ತು ಗಂಟೆ. "ಹೆಡ್ ವಾಲಿದೆ ಅಷ್ಟೇ. ಬರ್ತೀನಿ ಇರು" ಅಂದರು. ಹೆಡ್ ಅಂದರೆ ಡೆಕ್‌ನಲ್ಲಿ ಟೇಪನ್ನು ಮುಟ್ಟಿ ಸದ್ದು ಬರೆಯುವ, ಓದುವ ಭಾಗ.

ಚಾಮರಾಜಪೇಟೆಯಿಂದ ಆಟೋದಲ್ಲಿ ಬಂದರು. ಚೀಲದಲ್ಲಿ ರಬ್ಬರ್ ಬೆಲ್ಟುಗಳು, ಸ್ಪಿರಿಟ್ ಬಾಟಲಿ, ಹತ್ತಿ, ಒಂದು ಟೆಸ್ಟ್ ಕ್ಯಾಸೆಟ್, ಬೆರಳುದ್ದದ ಸ್ಕ್ರೂಡ್ರೈವರ್. ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದರು. ಒಂದು ಜಾಗದಲ್ಲಿ ಸದ್ದು ತಟ್ಟನೆ ತೆರೆದುಕೊಂಡಿತು. ಮೂರೂ ಡೆಕ್‌ಗಳ ಬೆಲ್ಟ್ ಬದಲಾಯಿಸಿದರು. ಕೆಟ್ಟ 24ನ್ನು ಮೂರು ಮೂರರಂತೆ ಮತ್ತೆ ಎಂಟು ಸುತ್ತು ತುಂಬಿಸಬೇಕಿತ್ತು. ಅಂದರೆ ಎಂಟು ಗಂಟೆ. ಅವರ ಕೆಲಸ ಮುಗಿದಿತ್ತು, ಹೋಗಬಹುದಿತ್ತು. ಹೋಗಲಿಲ್ಲ.

ಹೆಡ್‌ಫೋನ್ ಹಾಕಿಕೊಂಡು ಮೊದಲ ಟ್ರ್ಯಾಕಿನಿಂದ ಕೇಳುತ್ತ ಕೂತರು. "ಹೇಳಮ್ಮ, ಈ ಕರಕರ ಬೇಕಾದ್ದಾ, ಡೆಕ್‌ನದ್ದಾ?" ಬೇಕಾದ್ದು ಮೇಷ್ಟ್ರೇ, ಧಾರವಾಡದ ಹುಡುಗ ರೇಡಿಯೋದಲ್ಲಿ ಸ್ಟೇಷನ್ ಹುಡುಕುತ್ತ ಹಿಡಿದ ಸದ್ದು ಅದು. "ಈ ಚಟಪಟ?" ತಗಡಿನ ಮೇಲೆ ಬಿದ್ದ ಮಂಗಳೂರಿನ ಮಳೆ, ಕಂಪ್ಯೂಟರ್‌ನಲ್ಲಿ ಚೂರು ಚೂರು ಮಾಡಿದ್ದು. ಹಳೆಯ ಬಿಲ್ ಪುಸ್ತಕದ ಹಿಂದೆ ನಿಮಿಷ, ಸೆಕೆಂಡ್ ಸಮೇತ ಬರೆದುಕೊಂಡರು. ಒಂದು ಕಡೆ ಬೇಕು, ಇನ್ನೊಂದು ಕಡೆ ಬೇಡ. ಈ ಸಂಗೀತವನ್ನು ಅಷ್ಟು ಗೌರವದಿಂದ ಕೇಳಿದವರನ್ನು ನಾನು ಬೇರೆ ನೋಡಿಲ್ಲ.

ಎಂಟನೇ ಟ್ರ್ಯಾಕ್ ನನ್ನದು. "ಇದು ಲೈನ್ ಹಮ್. ಅರ್ಥಿಂಗ್ ಸರಿ ಇಲ್ಲ, ತೆಗೀತೀನಿ" ಎಂದು ಎದ್ದು ಕೇಬಲ್ ನೋಡತೊಡಗಿದರು. ನನಗೆ ಮಾತು ಬರಲಿಲ್ಲ.

ಅವರು ಹಮ್ ಅಂದದ್ದು ಅಪ್ಪನ ಎಲೆಕ್ಟ್ರಾನಿಕ್ ತಂಬೂರಿಯ ಅಡಾಪ್ಟರ್‌ನ ಗುಂಯ್ ಸದ್ದು. 1970ರ ದಶಕದ ಕೊನೆಯಲ್ಲಿ ಆ ತಂಬೂರಿಯನ್ನು ಕಂಡುಹಿಡಿದವರು ಬೆಂಗಳೂರಿನ ಜಿ. ರಾಜ್ ನಾರಾಯಣ್, ಕೊಳಲು ನುಡಿಸುತ್ತಿದ್ದ ಇಂಜಿನಿಯರ್. ಅಪ್ಪನಿಗೆ ಅದೊಂದು ಹೆಮ್ಮೆ. "ನಿನ್ನ ಮೂಗ್ ಹಾಗಿರಲಿ, ನಮ್ಮನೇಲಿ ದಿನಾ ಬೆಳಿಗ್ಗೆ ಎಲೆಕ್ಟ್ರಾನಿಕ್ ಸಂಗೀತ ಇದೆಯಲ್ಲ" ಅನ್ನುತ್ತಿದ್ದರು. ಹಾಡಲು ಆಗದ ದಿನಗಳಲ್ಲೂ ಅದನ್ನು ಹಾಕಿಡು ಅನ್ನುತ್ತಿದ್ದರು. ಆ ಗುಂಯ್ ಸಮೇತ ರೆಕಾರ್ಡ್ ಮಾಡಿಕೊಂಡಿದ್ದೆ.

ಇಷ್ಟನ್ನು ಹೇಗೋ ಹೇಳಿದೆ. ಹೇಳುವಾಗಲೇ ಅಳು ಬಂತು. ಅಲ್ಲಿವರೆಗೂ ಅತ್ತಿರಲಿಲ್ಲ. ಆಸ್ಪತ್ರೆ ಬಿಲ್ಲು, ಸಹಿ, ಬಂದವರಿಗೆ ಕಾಫಿ, ಇಷ್ಟರಲ್ಲೇ ದಿನ ಹೋಗಿತ್ತು. ಮೇಷ್ಟ್ರು ಸಮಾಧಾನ ಹೇಳಲಿಲ್ಲ. ಎ ಸೈಡ್ ಮುಗಿದಾಗ ಎದ್ದು ಮೂರೂ ಕ್ಯಾಸೆಟ್ ತಿರುಗಿಸಿ ಹಾಕಿ, ರೆಕಾರ್ಡ್ ಒತ್ತಿ, ಬಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಬಿಲ್ ಪುಸ್ತಕ ತೆಗೆದು ಬರೆದರು: 8, ಹಮ್, ಬೇಕು. ಆಮೇಲೆ ಬೆಳಗಿನವರೆಗೂ ಪ್ರತಿ ಕ್ಯಾಸೆಟ್ ಹೊರಗೆ ಬಂದಾಗಲೂ ಎಂಟನೇ ಟ್ರ್ಯಾಕಿಗೆ ಓಡಿಸಿ, ಆ ಗುಂಯ್ ಇದೆಯಾ ಎಂದು ಕಿವಿಗೊಟ್ಟು ನೋಡಿಯೇ ಡಬ್ಬಿಗೆ ಹಾಕಿದರು. 24 ಸಲ.

ಕೊನೆಯದು ಮುಗಿದಾಗ ಬೀದಿಯಲ್ಲಿ ಹಾಲಿನವನ ಗಾಡಿ ಬಂದಿತ್ತು. ಡಿಕಾಕ್ಷನ್ ಹಾಕಿ ಕಾಫಿ ಮಾಡಿದೆ. ಬೆಲ್ಟಿನ ದುಡ್ಡು ಮಾತ್ರ ತೆಗೆದುಕೊಂಡರು. ಜಾಸ್ತಿ ಕೊಡಲು ಹೋದರೆ ಬೈದರು. ಆ ಬಿಲ್ ಹಾಳೆಯನ್ನು ಕೇಳಿ ಇಸ್ಕೊಂಡೆ. ಈಗ ಅದು ಅಪ್ಪನ ತಂಬೂರಿ ಪೆಟ್ಟಿಗೆಯ ಕೆಳಗಿದೆ.

ಮೇಷ್ಟ್ರೇ, ನಿಮ್ಮ ಮಗಳು ಇದನ್ನು ಓದಿ ಹೇಳುತ್ತಾಳೆ ಅಂದುಕೊಂಡಿದ್ದೇನೆ. ನಿಮ್ಮ ಪ್ರತಿ ಎತ್ತಿಟ್ಟಿದ್ದೇನೆ, ಆ 24ರಲ್ಲೇ ಒಂದು. ಸಣ್ಣ ಸ್ಕ್ರೂಡ್ರೈವರ್ ಕೂಡ ನಮ್ಮ ಮನೆಯಲ್ಲೇ ಉಳಿದುಬಿಟ್ಟಿದೆ. ಸೋಮವಾರ ಅಂಗಡಿ ತೆಗೆಯುವ ಹೊತ್ತಿಗೆ ಎರಡನ್ನೂ ತರುತ್ತೇನೆ.