ಕ್ಲಚ್ ವೈರ್ ಟೈಟ್ ಮಾಡುವ ಮೊದಲು

ಪ್ರೀತಿಯ ಮಗಾ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಮಳೆ ಸದ್ದಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಆಮೇಲೆ ಕರೆಂಟೂ ಹೋಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನನಗೆ ಕೇಳಿಸಿದ್ದು ಇಷ್ಟು: ಕುಶಾಲನಗರದಿಂದ ವಾಪಸ್ ಬರುವಾಗ ಬೋಯಿಕೇರಿ ಏರಿನಲ್ಲಿ ಬೈಕು ಸುಮ್ನೆ ಕೂಗುತ್ತದೆ, ಮುಂದೆ ಹೋಗಲ್ಲ, ಯಾರೋ 'ಕ್ಲಚ್ ಲೂಸ್ ಆಗಿದೆ, ಟೈಟ್ ಮಾಡು' ಅಂದರು, ನೀನು ಟೈಟ್ ಮಾಡಿದೆ, ಈಗ ಇನ್ನೂ ಜಾಸ್ತಿಯಾಗಿದೆ. ಆಗದೆ ಇನ್ನೇನು!

ನಿನ್ನ ಬೈಕಿನ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಸ್ಪ್ರಿಂಗುಗಳು ಅವನ್ನು ಒಂದಕ್ಕೊಂದು ಒತ್ತಿ ಹಿಡಿದಿರುತ್ತವೆ. ಹಾಗೆ ಒತ್ತಿ ಹಿಡಿದಾಗಲೇ ಎಂಜಿನ್ನಿನ ಬಲ ಚಕ್ರಕ್ಕೆ ಹೋಗುವುದು. ನೀನು ಲಿವರ್ ಎಳೆದರೆ ಆ ಹಿಡಿತ ಬಿಡುತ್ತದೆ. ಹಾಗಿರುವಾಗ ವೈರನ್ನು ಬಿಗಿ ಮಾಡಿದರೆ ಏನಾಗುತ್ತದೆ? ಕೈ ಮುಟ್ಟದೆಯೇ ಲಿವರ್ ಸ್ವಲ್ಪ ಎಳೆದ ಹಾಗೆ. ಪ್ಲೇಟ್ ಪೂರ್ತಿ ಕಚ್ಚುವುದಿಲ್ಲ, ಜಾರುತ್ತದೆ, ಬಿಸಿಯಾಗಿ ಸುಡುತ್ತದೆ. ಸ್ಲಿಪ್ ಆದರೆ ವೈರನ್ನು ಮೊದಲು ಸಡಿಲ ಬಿಡಬೇಕು. ಬಿಗಿ ಮಾಡಬೇಕಾದ್ದು ಇದರ ಉಲ್ಟಾ ಕಾಯಿಲೆಗೆ. ಲಿವರ್ ಪೂರ್ತಿ ಹಿಡಿದರೂ ಬೈಕು ಫಸ್ಟ್ ಗೇರಿನಲ್ಲಿ ಮುಂದಕ್ಕೆ ತೆವಳುತ್ತದೆ, ನ್ಯೂಟ್ರಲ್ ಸಿಕ್ಕಲ್ಲ, ಗೇರು ಹಾಕಿದರೆ 'ಟಕ್' ಅಂತ ಒದೆಯುತ್ತದೆ, ಆಗ.

ಯಾವುದು ಅಂತ ಅನುಮಾನ ಇದ್ದರೆ ಹೀಗೆ ನೋಡು. ಖಾಲಿ ಇರುವ ಸಮತಟ್ಟು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಮೂವತ್ತರಲ್ಲಿ ಹೋಗುತ್ತಾ ಒಂದೇ ಸಲ ಆಕ್ಸಿಲರೇಟರ್ ಕೊಡು. ಸದ್ದು ಏರಿ ವೇಗ ಅಲ್ಲೇ ಇದ್ದರೆ ಸ್ಲಿಪ್. ಇನ್ನೊಂದಕ್ಕೆ, ಸೆಂಟರ್ ಸ್ಟ್ಯಾಂಡ್ ಹಾಕಿ, ಸ್ಟಾರ್ಟ್ ಮಾಡಿ, ಲಿವರ್ ಪೂರ್ತಿ ಹಿಡಿದು ಫಸ್ಟ್ ಹಾಕು. ಹಿಂದಿನ ಚಕ್ರ ಮೆಲ್ಲಗೆ ತಿರುಗುತ್ತದೆ, ಅದಕ್ಕೆ ಹೆದರಬೇಡ, ಆಯಿಲ್ ಅಂಟಿಗೆ ಅಷ್ಟು ತಿರುಗುತ್ತದೆ. ಮೆಲ್ಲಗೆ ಬ್ರೇಕ್ ಒತ್ತು. ಚಕ್ರ ನಿಂತು ಎಂಜಿನ್ ಓಡುತ್ತಿದ್ದರೆ ಸರಿ ಇದೆ. ಎಂಜಿನ್ ಒದ್ದಾಡಿ ಆಫ್ ಆದರೆ ಕ್ಲಚ್ ಬಿಡುತ್ತಿಲ್ಲ. ದಯವಿಟ್ಟು ಕಾಲು ಕೊಟ್ಟು ಚಕ್ರ ನಿಲ್ಲಿಸಲು ಹೋಗಬೇಡ.

ಈಗ ಪ್ಲೇ ವಿಷಯ. ಲಿವರ್‌ನ ತುದಿಯನ್ನು ಒಂದೇ ಬೆರಳಲ್ಲಿ ಎಳೆದು ನೋಡು. ಮೊದಲು ಸ್ವಲ್ಪ ದೂರ ಏನೂ ತಡೆಯಿಲ್ಲದೆ ಬರಬೇಕು, ಆಮೇಲೆ ಸ್ಪ್ರಿಂಗಿನ ಭಾರ ಸಿಗಬೇಕು. ಆ ಖಾಲಿ ಓಟವೇ ಪ್ಲೇ. ಅದು ನಮ್ಮ ಸಣ್ಣ ಬೈಕುಗಳಲ್ಲಿ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಇರುತ್ತದೆ, ಕಿರುಬೆರಳಿನ ಅಗಲ ಅಂದುಕೋ. ಬೈಕಿನ ಪುಸ್ತಕ ನಿಮ್ಮಪ್ಪನ ಬೀರುವಿನಲ್ಲಿ ಇರಬೇಕು, ಅದರಲ್ಲಿ ಬರೆದದ್ದೇ ಕೊನೆಯ ಮಾತು.

ಒಂದು ವಿಷಯ ಮಾತ್ರ ತಲೆಯಲ್ಲಿಟ್ಟುಕೋ, ಇದನ್ನು ಬಹಳ ಜನ ನೋಡುವುದೇ ಇಲ್ಲ. ಪ್ಲೇ ತಾನಾಗಿಯೇ ಯಾವ ಕಡೆಗೆ ಹೋಗುತ್ತಿದೆ? ದಿನ ಹೋದ ಹಾಗೆ ಜಾಸ್ತಿ ಆಗುತ್ತಿದ್ದರೆ ವೈರ್ ಎಳೆದುಕೊಂಡಿದೆ, ಇಲ್ಲವೇ ಒಳಗೆ ಎಳೆ ಕಡಿಯುತ್ತಿದೆ. ಕಮ್ಮಿ ಆಗುತ್ತಾ ಲಿವರ್ ತಾನಾಗಿ ಬಿಗಿಯಾಗುತ್ತಿದ್ದರೆ ಪ್ಲೇಟ್ ಸವೆದಿದೆ. ಕೈ ಹಾಕುವ ಮೊದಲೇ ಸ್ಕೇಲ್ ಹಿಡಿದು ಅಳೆದಿಟ್ಟಿದ್ದರೆ ನಿನಗೆ ಈಗ ಗೊತ್ತಿರುತ್ತಿತ್ತು. ನೀನು ತಿರುಗಿಸಿಬಿಟ್ಟೆ. ಇರಲಿ.

ಅಡ್ಜಸ್ಟ್ ಮಾಡುವುದು ಎಂಜಿನ್ ಆರಿರುವಾಗ. ಹ್ಯಾಂಡಲ್ ಹತ್ತಿರ ರಬ್ಬರ್ ಸರಿಸಿದರೆ ಕೈಯಲ್ಲೇ ತಿರುಗುವ ಸ್ಕ್ರೂ ಇದೆ, ಅದು ಅಲುಗದ ಹಾಗೆ ಹಿಡಿಯಲು ಒಂದು ಚೆಕ್ ನಟ್ ಇದೆ. ನಟ್ ಸಡಿಲಿಸಿ ಸ್ಕ್ರೂವನ್ನು ಪೂರ್ತಿ ಒಳಗೆ ಬಿಡು. ಆಮೇಲೆ ಕೆಳಗೆ ಎಂಜಿನ್ ಹತ್ತಿರ ವೈರ್ ಸೇರುವ ಕಡೆ ಎರಡು ನಟ್ ಇರುತ್ತವೆ, ಅಲ್ಲಿ ದೊಡ್ಡ ಲೆಕ್ಕ ಸರಿ ಮಾಡು. ಕೊನೆಗೆ ಮೇಲಿನದ್ದರಲ್ಲಿ ಚೂರುಪಾರು. ಎಲ್ಲವನ್ನೂ ಮೇಲಿನ ಸ್ಕ್ರೂವಿನಲ್ಲೇ ಮಾಡಿದರೆ ಅದು ಹೊರಗೆ ಬಂದೂ ಬಂದೂ ಎರಡು ಸುತ್ತಿನ ಮೇಲೆ ನೇತಾಡುತ್ತಿರುತ್ತದೆ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಪ್ಲೇ ಇನ್ನೊಮ್ಮೆ ನೋಡು. ತಿರುಗಿಸಿದಾಗ ಬಿಗಿಯಾದರೆ ವೈರ್ ಎಲ್ಲೋ ಸಿಕ್ಕಿಕೊಂಡಿದೆ.

ಮೇಲಿನ ಸ್ಕ್ರೂವಿಗೂ ಚೆಕ್ ನಟ್ಟಿಗೂ ಒಂದೊಂದು ಸೀಳು ಇದೆ, ನೋಡಿದ್ದೀಯಾ? ಎರಡನ್ನೂ ಒಂದೇ ಗೆರೆಗೆ ತಂದರೆ ವೈರ್ ಹೊರಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಸೀಳು ಆಕಾಶ ನೋಡುವ ಹಾಗೆ ಬಿಡಬೇಡ. ಕಕ್ಕಡ ತಿಂಗಳ ಮಳೆ ನೇರ ವೈರಿನೊಳಗೆ ಇಳಿಯುತ್ತದೆ, ತುಕ್ಕು ಹಿಡಿದು ಲಿವರ್ ಕಲ್ಲಾಗುತ್ತದೆ. ವೈರಿನ ತುದಿಯ ಗುಂಡಿಯ ಪಕ್ಕದಲ್ಲೇ ಎಳೆಗಳು ಬಿಚ್ಚಿಕೊಳ್ಳುವುದು. ಟಾರ್ಚ್ ಬಿಟ್ಟು ನೋಡು, ಒಂದೇ ಒಂದು ಎಳೆ ಮುಳ್ಳಿನ ಹಾಗೆ ಎದ್ದಿದ್ದರೂ ವೈರ್ ಬದಲಿಸು. ಅದು ಮನೆ ಮುಂದೆ ಕಡಿಯಲ್ಲ, ಸಂಪಾಜೆ ಘಾಟಿಯಲ್ಲೇ ಕಡಿಯುವುದು.

ಇಷ್ಟೆಲ್ಲ ಮಾಡಿ, ಪ್ಲೇ ಸರಿ ಇದ್ದೂ ಜಾರುತ್ತಿದ್ದರೆ ಆಯಿಲ್ ನೆನಪಿಸಿಕೋ. ಕೊನೆಗೆ ಯಾವುದು ಹಾಕಿಸಿದ್ದು? ನಾನೊಮ್ಮೆ ಕಾರಿಗೆ ತಂದು ಉಳಿದಿದ್ದ ಆಯಿಲನ್ನು ಯಾಕೆ ದಂಡ ಮಾಡುವುದು ಅಂತ ಬೈಕಿಗೆ ಸುರಿದೆ. ತೆಳ್ಳಗಿನದ್ದು, ಪೆಟ್ರೋಲ್ ಉಳಿಸುತ್ತದೆ ಅಂತ ಡಬ್ಬದ ಮೇಲೆ ಬೇರೆ ಬರೆದಿತ್ತು. ವಾರದೊಳಗೆ ಭಾಗಮಂಡಲ ರಸ್ತೆಯ ಏರಿನಲ್ಲಿ ಜಾರತೊಡಗಿತು. ನಾನು ಮಹಾ ಬುದ್ಧಿವಂತ, ದಿನಾ ಬೆಳಿಗ್ಗೆ ವೈರ್ ಬಿಗಿ ಮಾಡಿದೆ, ನಿನ್ನ ಹಾಗೇ. ಕೊನೆಗೆ ಪ್ಲೇಟು ಬಿಚ್ಚಿದಾಗ ಸುಟ್ಟು ಕರಿ ಹಿಡಿದಿತ್ತು, ಆ ವಾಸನೆ ಎರಡು ದಿನ ಕೈಯಲ್ಲಿತ್ತು. ಅಂಥ ಕಾರಿನ ಆಯಿಲ್‌ನಲ್ಲಿ ಜಾರಿಕೆ ಜಾಸ್ತಿ ಮಾಡುವ ಮದ್ದು ಬೆರೆಸಿರುತ್ತಾರೆ, ನಮ್ಮ ಕ್ಲಚ್‌ಗೆ ಅದೇ ವಿಷ. ಡಬ್ಬದ ಹಿಂದೆ ಜಾಸೊ ಎಂಎ ಅಥವಾ ಎಂಎ2 ಅಂತ ಇರಬೇಕು. ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗೆ ಯಾವುದು ಹೊಂದುತ್ತದೆ ಅಂತ ತಿಳಿಯಲು ಜಪಾನಿನವರು 1998ರಲ್ಲಿ ಶುರು ಮಾಡಿದ ಗುರುತು ಅದು. ಎಂಬಿ ಅಂತ ಇದ್ದರೆ ಗೇರಿಲ್ಲದ ಸ್ಕೂಟರಿಗೆ, ನಿನಗೆ ಬೇಡ.

ಇನ್ನು ಬೈಯುವುದು ಸ್ವಲ್ಪ ಇದೆ. ಲಿವರ್ ಮೇಲೆ ಎರಡು ಬೆರಳು ಇಟ್ಟುಕೊಂಡೇ ಓಡಿಸುತ್ತೀಯ, ನಿಮ್ಮಪ್ಪನಿಗೂ ಅದೇ ಚಟ. ಕುಶಾಲನಗರದಿಂದ ಮಡಿಕೇರಿಗೆ 30 ಕಿಲೋಮೀಟರಿನಲ್ಲಿ 300 ಮೀಟರ್‌ಗಿಂತ ಜಾಸ್ತಿ ಏರುತ್ತೀಯ, ಆ ದಾರಿಯುದ್ದಕ್ಕೂ ಬೆರಳಿನ ಭಾರ ಪ್ಲೇಟಿನ ಮೇಲೆ ಇದ್ದರೆ ಯಾವ ಅಡ್ಜಸ್ಟ್‌ಮೆಂಟೂ ನಿಲ್ಲಲ್ಲ. ಶನಿವಾರ ಭಾನುವಾರ ಪ್ರವಾಸಿಗರ ಕಾರುಗಳ ಹಿಂದೆ ಏರಿನಲ್ಲಿ ನಿಂತಾಗ ಹಾಫ್ ಕ್ಲಚ್‌ನಲ್ಲಿ ತೂಗಾಡಬೇಡ, ಬ್ರೇಕ್ ಹಿಡಿದು ನಿಲ್ಲು.

ಪ್ಲೇಟೇ ಹೋಗಿದ್ದರೆ ಮನೆಯಲ್ಲಿ ಬಿಚ್ಚಬೇಡ. ಆಯಿಲ್ ಇಳಿಸಬೇಕು, ಬಲಗಡೆ ಕವರ್ ತೆಗೆಯಬೇಕು, ಗ್ಯಾಸ್ಕೆಟ್ ಹೊಸದು ಬೇಕು, ನಡುವಿನ ನಟ್ಟಿಗೆ ಬೇರೆಯೇ ಟೂಲ್. ಮೆಕ್ಯಾನಿಕ್ ಹತ್ತಿರ ಹೋಗಿ, ಸ್ಪ್ರಿಂಗಿನ ಉದ್ದವನ್ನೂ ಅಳೆಯಲು ಹೇಳು. ಹೊಸ ಪ್ಲೇಟನ್ನು ಆಯಿಲ್‌ನಲ್ಲಿ ನೆನೆಸಿ ಹಾಕುತ್ತಾರಾ ಅಂತ ಪಕ್ಕದಲ್ಲಿ ನಿಂತು ನೋಡು.

ಇವತ್ತೇ ವೈರ್ ಸಡಿಲ ಬಿಟ್ಟು, ಪ್ಲೇ ಅಳೆದು ನನಗೆ ಮೆಸೇಜ್ ಹಾಕು, ವಾರ ಬಿಟ್ಟು ಇನ್ನೊಮ್ಮೆ. ಕಕ್ಕಡ ಹದಿನೆಂಟಕ್ಕೆ ದೊಡ್ಡಮ್ಮ ಮದ್ದು ಸೊಪ್ಪಿನ ಪಾಯಸ ಮಾಡುತ್ತಾಳೆ, ಬಾ. ಆದರೆ ಜಾರುವುದು ನಿಂತಿಲ್ಲ ಅಂದ್ರೆ ಬಸ್ಸಿನಲ್ಲೇ ಬಾ.

ನಿನ್ನ ದೊಡ್ಡಪ್ಪ