ಸಾಬೂನಿಗೆ ಕಾಗದ ಸುತ್ತುವ ಮೊದಲು ತೂಕ ನೋಡಿ

ಮಾನ್ಯ ಸಂಪಾದಕರೇ,

ದೀಪಾವಳಿ ಹತ್ತಿರ ಬಂತೆಂದರೆ ಮುಂಬಯಿ ಕಡೆ ಮಾಟುಂಗಾದಿಂದ ಡೊಂಬಿವಲಿಯವರೆಗೆ ಕನ್ನಡ ಸಂಘಗಳ ಸಭಾಂಗಣಗಳಲ್ಲಿ ಮಳಿಗೆಗಳು ಏಳುತ್ತವೆ. ಚಕ್ಕುಲಿ, ಹಪ್ಪಳ, ಉಪ್ಪಿನಕಾಯಿಗಳ ಪಕ್ಕದಲ್ಲಿ ಈಗ ಮನೆಯಲ್ಲಿ ತಯಾರಿಸಿದ ಸಾಬೂನಿಗೂ ಜಾಗ ಸಿಕ್ಕಿದೆ. ಅಭ್ಯಂಗಸ್ನಾನಕ್ಕೆಂದೇ ಹೊಸ ಸಾಬೂನು ತರುವ ಈ ಊರಿನಲ್ಲಿ ಗಿರಾಕಿಗಳಿಗೆ ಕೊರತೆಯಿಲ್ಲ. ಆದರೆ ಒಳ್ಳೆಯ ಎಣ್ಣೆ ಹಾಕಿ, ಸರಿಯಾಗಿ ಅಳೆದು ಮಾಡಿದ ಬಿಲ್ಲೆಯೂ ಗಿರಾಕಿಯ ಮನೆ ಸೇರುವಷ್ಟರಲ್ಲಿ ಜಿಗುಟಾಗಿ, ಕಮಟು ಹಿಡಿದು, ಮೈಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಎದ್ದಿರುವುದುಂಟು. ಬಹಳ ಸಲ ಇದಕ್ಕೆ ಕಾರಣ ಹೊದಿಕೆ ಮತ್ತು ಅದನ್ನು ಹೊದಿಸಿದ ಸಮಯ. ಹಬ್ಬದ ತಯಾರಿ ಶುರುವಾಗುವ ಮೊದಲೇ ಈ ಮಾತು ಓದುಗರಿಗೆ ತಲುಪಲಿ ಎಂದು ಬರೆಯುತ್ತಿದ್ದೇವೆ.

ಮನೆಯಲ್ಲಿ ಮಾಡುವ ಸಾಬೂನಿನಲ್ಲಿ ಹೆಚ್ಚಾಗಿ ಕಾಣುವುದು ಎರಡು ಜಾತಿ. ಎಣ್ಣೆಗೆ ಕಾಸ್ಟಿಕ್ ಸೋಡಾದ ದ್ರಾವಣ ಬೆರೆಸಿ ಅಚ್ಚಿಗೆ ಹಾಕುವುದು ಕೋಲ್ಡ್ ಪ್ರೋಸೆಸ್. ಅಂಗಡಿಯಿಂದ ತಂದ ಬೇಸ್, ಅಂದರೆ ಸಿದ್ಧ ಸಾಬೂನಿನ ಗಟ್ಟಿ, ಕರಗಿಸಿ, ಬಣ್ಣ ಪರಿಮಳ ಸೇರಿಸಿ ಹೊಯ್ಯುವುದು ಮೆಲ್ಟ್ ಅಂಡ್ ಪೋರ್. ಇವೆರಡಕ್ಕೂ ಒಂದೇ ಹೊದಿಕೆ ಹಾಕುವುದೇ ಮೊದಲ ತಪ್ಪು. ಮೊದಲನೆಯದು ನೀರು ಬಿಟ್ಟುಕೊಡುತ್ತಾ ಗಟ್ಟಿಯಾಗುವ ಸಾಬೂನು, ಅದಕ್ಕೆ ಗಾಳಿಯಾಡಬೇಕು. ಎರಡನೆಯದರಲ್ಲಿ ಗ್ಲಿಸರಿನ್ ಹೆಚ್ಚು. ಅದು ಗಾಳಿಯ ತೇವವನ್ನು ಎಳೆದುಕೊಂಡು ಮೈಯೆಲ್ಲ ಹನಿಗಟ್ಟುತ್ತದೆ, ಹಾಗಾಗಿ ಅದಕ್ಕೆ ಗಾಳಿ ತಾಗಲೇಬಾರದು.

ಕೋಲ್ಡ್ ಪ್ರೋಸೆಸ್ ಸಾಬೂನು ನಾಲ್ಕು ವಾರ ಒಣಗಿದರೆ ಸಾಕು ಎಂದು ಎಲ್ಲರೂ ಹೇಳುತ್ತಾರೆ. ಮುಂಬಯಿಯ ಮಳೆಗಾಲಕ್ಕೆ ಆ ಲೆಕ್ಕ ಹೊಂದುವುದಿಲ್ಲ. ದೀಪಾವಳಿಯ ಮಾಲು ಅಚ್ಚಿಗೆ ಬೀಳುವುದೇ ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಆಗ ಆರು ವಾರವಾದರೂ ಬೇಕು. ಕ್ಯಾಲೆಂಡರಿಗಿಂತ ತಕ್ಕಡಿಯನ್ನು ನಂಬುವುದು ಮೇಲು. ಪ್ರತಿ ಅಚ್ಚಿನಿಂದ ಎರಡು ಬಿಲ್ಲೆಗಳಿಗೆ ಗುರುತು ಹಾಕಿ, ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಗಿ ಬರೆದಿಡಿ. ಎರಡು ವಾರಗಳ ನಡುವಿನ ವ್ಯತ್ಯಾಸ ಒಂದು ಗ್ರಾಮಿಗಿಂತ ಕಡಿಮೆಯಾದ ಮೇಲೆ ಕಾಗದ ಸುತ್ತಿ. ಮಳೆ ಜೋರಾದ ವಾರದಲ್ಲಿ ತೂಕ ಇಳಿಯುವ ಬದಲು ಏರಿದ್ದೂ ಕಾಣುತ್ತದೆ. ಅದು ತಕ್ಕಡಿಯ ದೋಷವಲ್ಲ, ಸಾಬೂನು ತೇವ ಕುಡಿದಿದೆ ಎಂದರ್ಥ. ಅಂಥ ವಾರವನ್ನು ಲೆಕ್ಕದಿಂದ ಬಿಟ್ಟು, ಫ್ಯಾನಿನ ಗಾಳಿ ಆಡುವ ಕೋಣೆಯಲ್ಲಿ, ಪ್ಲಾಸ್ಟಿಕ್ ಜಾಲರಿಯ ಮೇಲೆ ಬಿಲ್ಲೆಗಳನ್ನು ಬೆರಳಷ್ಟು ಅಂತರದಲ್ಲಿಟ್ಟು ಮಗುಚುತ್ತಿರಿ. ಕಬ್ಬಿಣದ ಜಾಲರಿ ಬೇಡ. ಕಬ್ಬಿಣ, ತಾಮ್ರದ ಅಂಶ ತಾಗಿದರೆ ಸಾಬೂನಾಗದೆ ಉಳಿದ ಎಣ್ಣೆ ಬೇಗ ಕೆಡುತ್ತದೆ, ಕಿತ್ತಳೆ ಚುಕ್ಕೆ ಬರುವ ಒಂದು ದಾರಿ ಅದು. ಹೊದಿಕೆಗೆ ಸ್ಟೇಪ್ಲರ್ ಪಿನ್ ಹೊಡೆಯಬಾರದು ಎನ್ನುವುದೂ ಇದೇ ಕಾರಣಕ್ಕೆ. ಅಂದಕ್ಕೆಂದು ತಗಡಿನ ಡಬ್ಬಿಯಲ್ಲಿ ಕೊಡುವವರು ಒಳಗೆ ದಪ್ಪ ಬಟರ್ ಪೇಪರ್ ಹಾಸಲಿ. ಅಲ್ಯುಮಿನಿಯಂ ಫಾಯಿಲ್ ಅಂತೂ ಬೇಡವೇ ಬೇಡ, ಸಾಬೂನಿನ ಕ್ಷಾರಕ್ಕೆ ಅದು ಕಪ್ಪಾಗುತ್ತದೆ.

ಹದವಾದ ಬಿಲ್ಲೆಗೆ ನಡು ಸುತ್ತುವ ಕಾಗದದ ಪಟ್ಟಿಯೇ ಉತ್ತಮ. ಎರಡು ತುದಿಗಳೂ ತೆರೆದಿರುವುದರಿಂದ ಗಾಳಿಯಾಡುತ್ತದೆ, ಗಿರಾಕಿ ಬಿಚ್ಚದೆಯೇ ಮೂಸಿ ನೋಡಬಹುದು. ಬಿಲ್ಲೆ 7.5 ಸೆಂ.ಮೀ. ಉದ್ದ, 5.5 ಅಗಲ, 2.5 ದಪ್ಪ ಇದ್ದರೆ ಅದರ ಸುತ್ತಳತೆ 16 ಸೆಂ.ಮೀ. ಒಂದರ ಮೇಲೊಂದು ಕೂರಲು ಒಂದೂವರೆ ಸೆಂ.ಮೀ. ಸೇರಿಸಿ ಪಟ್ಟಿಯನ್ನು 17.5ಕ್ಕೆ ಕತ್ತರಿಸಿ. ಅಗಲ 5 ಸೆಂ.ಮೀ. ಇಟ್ಟರೆ ಒಂದು ಎ4 ಹಾಳೆಯಲ್ಲಿ ಐದು ಪಟ್ಟಿ ಸಿಗುತ್ತವೆ, 4.8 ಇಟ್ಟರೆ ಆರು. ನೂರು ಬಿಲ್ಲೆಗೆ ಇಪ್ಪತ್ತು ಹಾಳೆಯ ಕಡೆ ಹದಿನೇಳು ಸಾಕು. ಕಾಗದ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಆಸುಪಾಸಿನದಿರಲಿ, ನುಣುಪು ಲೇಪನ ಇಲ್ಲದಿರಲಿ. ತೀರಾ ದಪ್ಪದ್ದು ಅಂಚಿನಲ್ಲಿ ಮಡಿಚಿಕೊಳ್ಳದೆ ಬಿರಿಯುತ್ತದೆ, ತೆಳುವಾದದ್ದು ಎಣ್ಣೆಯ ಕಲೆ ತೋರಿಸುತ್ತದೆ. ಪಟ್ಟಿಯ ತುದಿಯನ್ನು ಕಾಗದಕ್ಕೇ ಅಂಟಿಸಬೇಕು, ಸಾಬೂನಿಗಲ್ಲ. ನೀರಂಶದ ಗೋಂದು ಕಾಗದವನ್ನು ಸುಕ್ಕುಗಟ್ಟಿಸುತ್ತದೆ, ಎರಡೂ ಬದಿ ಅಂಟುವ ಕಿರಿದಾದ ಟೇಪು ವಾಸಿ. ಅಕ್ಷರಗಳಿಗೆ ಲೇಸರ್ ಪ್ರಿಂಟು ಮಾಡಿಸಿ. ಇಂಕ್‌ಜೆಟ್ ಶಾಯಿ ತೇವಕ್ಕೆ ಹರಡುತ್ತದೆ.

ಬಿಗಿಯಾದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಏನಾಗುತ್ತದೆ? ಒಳಗೆ ಉಳಿದ ನೀರಿಗೆ ಹೋಗಲು ದಾರಿಯಿಲ್ಲ. ಮೇಲ್ಮೈ ಮೆತ್ತಗಾಗುತ್ತದೆ, ಓಟ್ಸ್ ಅಥವಾ ಹೂವಿನ ಎಸಳು ಅಂಟಿಸಿದ್ದರೆ ಬೂಷ್ಟು ಹಿಡಿಯಬಹುದು. ಪ್ಲಾಸ್ಟಿಕ್ ಬೇಡವೆಂದು ಕ್ರಾಫರ್ಡ್ ಮಾರ್ಕೆಟ್, ಅಬ್ದುಲ್ ರೆಹಮಾನ್ ಸ್ಟ್ರೀಟ್ ಕಡೆ ಸೆಲ್ಲೊಫೇನ್ ಎಂಬ ಪಾರದರ್ಶಕ ಹಾಳೆ ಕೇಳಿದರೆ ಬಿಒಪಿಪಿ ಎಂಬ ಪ್ಲಾಸ್ಟಿಕ್ ಹಾಳೆ ಕೈಗೆ ಬರುವುದುಂಟು. ತುಂಡೊಂದನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ನಿಜವಾದ ಸೆಲ್ಲೊಫೇನ್ ಕಾಗದದಂತೆ ಉರಿದು ಬೂದಿಯಾಗುತ್ತದೆ, ಬಿಒಪಿಪಿ ಕರಗಿ ಮಣಿಗಟ್ಟುತ್ತದೆ.

ಮೆಲ್ಟ್ ಅಂಡ್ ಪೋರ್ ಬಿಲ್ಲೆಯ ಸಂಗತಿ ಇದಕ್ಕೆ ಪೂರಾ ಉಲ್ಟಾ. ಅಚ್ಚಿನಿಂದ ತೆಗೆದ ದಿನವೇ ಸುತ್ತಿಬಿಡಬೇಕು. ಬೇಗ ಗಟ್ಟಿಯಾಗಲೆಂದು ಫ್ರಿಜ್ಜಿನಲ್ಲಿಟ್ಟು ತೆಗೆದ ತಕ್ಷಣ ಸುತ್ತಿದರೆ ತಣ್ಣನೆಯ ಮೈಮೇಲೆ ಕೂತ ನೀರು ಫಿಲ್ಮಿನೊಳಗೇ ಸಿಕ್ಕಿಬೀಳುತ್ತದೆ. ಕೋಣೆಯ ಬಿಸಿಗೆ ಬಂದ ಮೇಲೆ ಒರೆಸಿ, ಕ್ಲಿಂಗ್ ಫಿಲ್ಮನ್ನು (ಮೈಗಂಟುವ ತೆಳು ಪ್ಲಾಸ್ಟಿಕ್ ಹಾಳೆ) ಎಳೆದು, ಗಾಳಿಯ ಗುಳ್ಳೆ ಉಳಿಯದಂತೆ ಸುತ್ತಿ. ಬಿಸಿಗೆ ಕುಗ್ಗುವ ಶ್ರಿಂಕ್ ಫಿಲ್ಮ್ ಬಳಸುವವರು ಬಿಸಿಗಾಳಿ ಊದುವ ಹೀಟ್ ಗನ್ನನ್ನು ಒಂದು ಗೇಣು ದೂರ ಹಿಡಿದು ಕೈ ಆಡಿಸುತ್ತಲೇ ಇರಬೇಕು. ಒಂದೇ ಕಡೆ ನಿಂತರೆ ಫಿಲ್ಮಿಗಿಂತ ಮೊದಲು ಸಾಬೂನು ಕರಗುತ್ತದೆ.

ಒಂದೇ ಪೆಟ್ಟಿಗೆಯಲ್ಲಿ ಮಲ್ಲಿಗೆ, ನಿಂಬೆ, ಬೇವು ಎಲ್ಲವನ್ನೂ ತುಂಬಬೇಡಿ. ವಾರ ಕಳೆದರೆ ಎಲ್ಲವೂ ಮಲ್ಲಿಗೆಯೇ. ಏಸಿ ಸಭಾಂಗಣದಲ್ಲಿ ದಿನವಿಡೀ ಇದ್ದ ಸಾಬೂನನ್ನು ಹೊರಗೆ ತಂದೊಡನೆ ಬಿಚ್ಚಿ ಜೋಡಿಸಲೂಬಾರದು, ಪೆಟ್ಟಿಗೆ ಮುಚ್ಚಿಯೇ ಒಂದು ತಾಸು ಇಡಿ.

ಇನ್ನು ಲೇಬಲ್. ಮೈಸೂರು ಸ್ಯಾಂಡಲ್ ಸಾಬೂನಿನ ಪೆಟ್ಟಿಗೆಯ ಮೇಲಿನ ಶರಭವನ್ನು ನಮ್ಮವರು ದೂರದಿಂದಲೇ ಗುರುತಿಸುತ್ತಾರೆ. ಅಂಥದೊಂದು ಗುರುತು ತಮ್ಮದೂ ಆಗಲಿ ಎಂಬ ಆಸೆಯಲ್ಲಿ ಮುಂಭಾಗಕ್ಕೆ ಎಷ್ಟೋ ಶ್ರಮ ಪಡುವವರು ಹಿಂಭಾಗವನ್ನು ಖಾಲಿ ಬಿಡುತ್ತಾರೆ. ಮಾರುವ ಸಾಬೂನು ಕಾನೂನಿನ ಕಣ್ಣಲ್ಲಿ ಪ್ರಸಾಧನ ಸಾಮಗ್ರಿ. 1940ರ ಔಷಧ ಮತ್ತು ಪ್ರಸಾಧನ ಕಾಯ್ದೆ, 2020ರ ಕಾಸ್ಮೆಟಿಕ್ಸ್ ನಿಯಮಗಳು ಅದಕ್ಕೆ ಅನ್ವಯಿಸುತ್ತವೆ. ‘ಮನೆಯಲ್ಲಿ ಮಾಡಿದ್ದು’ ಎಂದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ. ರಾಜ್ಯದ ಎಫ್‌ಡಿಎಯಿಂದ (ಆಹಾರ ಮತ್ತು ಔಷಧ ಆಡಳಿತ) ತಯಾರಿಕೆಯ ಲೈಸೆನ್ಸ್ ಬೇಕು. ಸ್ವಂತ ಜಾಗದಲ್ಲಿ ಆಗದವರು ಲೈಸೆನ್ಸ್ ಇರುವ ಇನ್ನೊಬ್ಬರ ಘಟಕದಲ್ಲಿ ಮಾಡಿಸಿಕೊಳ್ಳಲು ಲೋನ್ ಲೈಸೆನ್ಸ್ ಎಂಬ ದಾರಿಯಿದೆ. ಜತೆಗೆ 2011ರ ಲೀಗಲ್ ಮೆಟ್ರಾಲಜಿ (ತೂಕ-ಅಳತೆ) ಪೊಟ್ಟಣ ನಿಯಮಗಳ ಪ್ರಕಾರ ತಯಾರಕರ ಹೆಸರು, ಪೂರ್ತಿ ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರಿಗೆ ಸಂಪರ್ಕ ಇವೆಲ್ಲ ಇರಬೇಕು. ಗ್ರಾಮಿನ ದರವನ್ನೂ ಬರೆಯಬೇಕು: 100 ಗ್ರಾಮಿಗೆ 120 ರೂಪಾಯಿಯಾದರೆ ಗ್ರಾಮಿಗೆ 1.20. ಈ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಲೇಬೇಕು. ಅದರ ಜತೆಗೆ ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ, ಬರೆಯಬೇಕು ಎಂದೇ ನಮ್ಮ ಆಸೆ.

ತೂಕದ ವಿಷಯದಲ್ಲಿ ಎಚ್ಚರ. ಕತ್ತರಿಸಿದ ದಿನ 100 ಗ್ರಾಂ ಇದ್ದ ಬಿಲ್ಲೆ ಒಣಗಿದ ಮೇಲೆ 90ರ ಆಸುಪಾಸಿಗೆ ಇಳಿದೀತು. ಮಾರುವಾಗ ನೂರು ಬೇಕಿದ್ದರೆ ಕತ್ತರಿಸುವಾಗ 115 ಇಡಿ. ಪಟ್ಟಿ ಸುತ್ತುವ ದಿನ ಅತಿ ಹಗುರವಾದ ಬಿಲ್ಲೆ ಎಷ್ಟು ತೂಗುತ್ತದೋ ಅದಕ್ಕಿಂತ ಹೆಚ್ಚು ಬರೆಯಬೇಡಿ.

ಸಾಮಗ್ರಿಗಳ ಪಟ್ಟಿಯಲ್ಲಿ ಬಾದಾಮಿ ಎಣ್ಣೆಯಿದ್ದರೆ ಹೇಳಲೇಬೇಕು, ಅಲರ್ಜಿ ಇರುವವರು ಅದನ್ನೇ ಹುಡುಕುತ್ತಾರೆ. ‘ಕೆಮಿಕಲ್ ಇಲ್ಲ’ ಎಂದು ಬರೆಯುವುದು ಸುಳ್ಳು. ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸಾಬೂನು ಆಗುವುದಿಲ್ಲ. ‘ಸೋರಿಯಾಸಿಸ್ ಗುಣವಾಗುತ್ತದೆ’ ಎಂದು ಬರೆದರಂತೂ ಅದು ಔಷಧದ ಮಾತಾಯಿತು, ಸಾಬೂನಿನ ಲೈಸೆನ್ಸ್ ಅದಕ್ಕೆ ನಡೆಯದು. ಕಾಯಿಲೆಯಿಂದ ಬೇಸತ್ತವರು ಅಂಥ ಮಾತು ನಂಬಿ ಡಾಕ್ಟರ ಬಳಿ ಹೋಗುವುದನ್ನು ಮುಂದೂಡುತ್ತಾರೆ. ಇದು ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವ ಸಂಗತಿ.

ಮಳಿಗೆ ಹಂಚುವ ಸಂಘಗಳಲ್ಲಿ ಒಂದು ವಿನಂತಿ. ಸಾಬೂನಿನ ಮಳಿಗೆ ಕೇಳಿದವರಿಂದ ಲೈಸೆನ್ಸಿನ ಪ್ರತಿ ಮತ್ತು ಮಾರಾಟಕ್ಕೆ ಸಿದ್ಧವಾದ ಒಂದು ಬಿಲ್ಲೆಯನ್ನು ಹದಿನೈದು ದಿನ ಮೊದಲೇ ತರಿಸಿಕೊಳ್ಳಿ. ಬಿಲ್ಲೆಯನ್ನು ತೂಗಿ, ಕಚೇರಿಯ ಕಪಾಟಿನಲ್ಲಿಟ್ಟು, ಹಬ್ಬದ ವಾರ ಬಿಚ್ಚಿ ನೋಡಿ. ಬೆವರಿದ್ದರೆ, ಕಮಟು ಬಂದಿದ್ದರೆ ಅವರಿಗೆ ತಿಳಿಸಿ. ಬೆವರಿದ್ದಕ್ಕೆ ಬೇರೆ ಹೊದಿಕೆ ಹಾಕಿಕೊಳ್ಳಲು ಇನ್ನೂ ಒಂದೆರಡು ದಿನ ಇರುತ್ತದೆ.

— ಸಾಬೂನು ತಯಾರಿಕೆಯಲ್ಲಿ ತೊಡಗಿರುವ ಕೆಲವು ಮಹಿಳೆಯರು, ಡೊಂಬಿವಲಿ