ಮಾಲಿಬ್ಡಿನಮ್ ಕಡಿಮೆ ಬಂತು ಅಂತ ಅವಸರ ಬೇಡ

ಚಿ. ಅನಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಅಂಕಿಗಳನ್ನು ನೋಡಿದೆ. ಇಟಲಿಯ ಗುಬ್ಬಿಯೊ ಊರಿನ ಹತ್ತಿರದ ಬೊನಾರೆಲ್ಲಿ ಪದರ ಸಿಕ್ಕಿದ್ದು ನಿನ್ನ ಪುಣ್ಯ. ಬಿಳಿ ಸುಣ್ಣದಕಲ್ಲಿನ ನಡುವೆ ಒಂದು ಮೀಟರ್ ಆಸುಪಾಸಿನ ಕಪ್ಪು ಪಟ್ಟಿ, ಸುಮಾರು 9.4 ಕೋಟಿ ವರ್ಷ ಹಳೆಯ ಸಮುದ್ರತಳದ ಕೆಸರು. ಅದರ ನಡುವೆ ಮಾಲಿಬ್ಡಿನಮ್ ಎಂಬ ಲೋಹದ ಪ್ರಮಾಣ ತಗ್ಗಿದ ಕಡೆ ನೀನು ಸಮುದ್ರದ ನೀರಿಗೆ ‘ಆಮ್ಲಜನಕ ಮರಳಿತು’ ಅಂತ ಬರೆದಿದ್ದೀಯ. ಸದ್ಯಕ್ಕೆ ಅದನ್ನು ಅಳಿಸು.

ಆಮ್ಲಜನಕ ಇರುವ ನೀರಿನಲ್ಲಿ ಮಾಲಿಬ್ಡಿನಮ್ ಸುಮ್ನೆ ಕರಗಿಕೊಂಡಿರುತ್ತದೆ. ಹೈಡ್ರೋಜನ್ ಸಲ್ಫೈಡ್ ಸೇರಿದರೆ ರೂಪ ಬದಲಿಸಿ ಕೆಸರಿಗೆ ಅಂಟುತ್ತದೆ. ಸಾಮಾನ್ಯ ಕಲ್ಲಿನಲ್ಲಿ 1–2 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದೆರಡು ಪಾಲು) ಇರುವುದು 100 ದಾಟಿದರೆ, ನೀರಿನಲ್ಲೇ ಆ ಅನಿಲ ತುಂಬಿತ್ತು ಅಂತ ಧೈರ್ಯವಾಗಿ ಹೇಳಬಹುದು. ಇದರ ತಿರುಗುಮುರುಗು ಮಾತ್ರ ನಿಜವಲ್ಲ. ಕೆಸರು ಹಿಡಿಯಬೇಕಾದರೆ ಮೊದಲು ನೀರಿನಲ್ಲಿ ಮಾಲು ಇರಬೇಕು, ಅಲ್ವಾ?

ಕಪ್ಪು ಸಮುದ್ರವನ್ನೇ ನೋಡು. ಸುಮಾರು 150 ಮೀಟರ್ ಕೆಳಗೆ ಆಮ್ಲಜನಕದ ಸುಳಿವಿಲ್ಲ, ಇರುವುದೆಲ್ಲ ಸಲ್ಫೈಡ್. ಉಪ್ಪುನೀರು ಒಳಗೆ ಬರಲು ಬಾಸ್ಫರಸ್ ಎಂಬ ಕಿರಿದಾದ ದಾರಿ ಒಂದೇ. ಇದ್ದ ಮಾಲಿಬ್ಡಿನಮ್ಮನ್ನೆಲ್ಲ ಕೆಸರು ಎಳೆದುಕೊಂಡು, ಆಳದ ನೀರಿನಲ್ಲಿ ತೀರಾ ಸ್ವಲ್ಪ ಉಳಿದಿದೆ. ಹಾಗಾಗಿ ಅಲ್ಲಿನ ಕೆಸರಿನಲ್ಲಿ ಸಾವಯವ ಇಂಗಾಲಕ್ಕೆ ಹೋಲಿಸಿದರೆ ಮಾಲಿಬ್ಡಿನಮ್ ಕಡಿಮೆ. ನಿನ್ನ ಪದರದ ಕಾಲದಲ್ಲಿ ಉಸಿರುಗಟ್ಟಿದ ನೀರು ಎಷ್ಟು ಹರಡಿತ್ತೆಂದರೆ, ಇಡೀ ಸಾಗರದ ಮಾಲಿಬ್ಡಿನಮ್ ದಾಸ್ತಾನೇ ಕಡಿಮೆಯಾಗಿತ್ತು. ನಿನಗೆ ಕಂಡ ಕುಸಿತ ಅದೇ ಇರಬಹುದು.

ಆಮ್ಲಜನಕ ಮರಳಿತೋ, ದಾಸ್ತಾನು ಮುಗಿಯಿತೋ ಅಂತ ಹೇಗೆ ಬೇರ್ಪಡಿಸುತ್ತೀಯ? ಮೊದಲು ಯಂತ್ರ ಬಿಟ್ಟು ಕಲ್ಲು ನೋಡು. ಆಮ್ಲಜನಕ ನಿಜವಾಗಿ ಬಂದಿದ್ದರೆ ತಳಕ್ಕೆ ಹುಳಗಳು ಬಂದು ಕೆಸರನ್ನು ಕಲಸಿಹಾಕಿರಬೇಕು. ಕೂದಲೆಳೆಯಂಥ ಪದರಗಳು ಕದಡದೆ ಹಾಗೇ ಇದ್ದರೆ ನಿನ್ನ ಮಾತು ನಿಲ್ಲುವುದು ಕಷ್ಟ. ಆಮೇಲೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಹುಡುಕು. ರವೆ ಉಂಡೆಯ ಹಾಗೆ ಪುಟ್ಟ ಹರಳುಗಳು ಒತ್ತಿಕೊಂಡ ಗುಂಡುಗಳು ಸಿಗುತ್ತವೆ. ಎಲ್ಲ 5 ಮೈಕ್ರಾನ್ ಆಸುಪಾಸು, ಒಂದೇ ಅಳತೆ ಇದ್ದರೆ ಅವು ನೀರಿನಲ್ಲೇ ಹುಟ್ಟಿ ಉದುರಿದವು, ಅಂದರೆ ನೀರಿನಲ್ಲೇ ಸಲ್ಫೈಡ್ ಇತ್ತು. ಸಣ್ಣದು ದೊಡ್ಡದು ಬೆರೆತಿದ್ದರೆ ಕೆಸರಿನೊಳಗೆ ಬೆಳೆದವು. ನನಗೆ ಈ ಸಾಕ್ಷಿ ಬಹಳ ಇಷ್ಟ. ಪೈರೈಟ್ ತುಕ್ಕಾದರೂ ಎಷ್ಟೋ ಸಲ ಗುಂಡಿನ ಆಕಾರ ಉಳಿದಿರುತ್ತದೆ.

ತುಕ್ಕು ಅಂದಾಗ ನೆನಪಾಯಿತು. ನಿನ್ನ ಮಾದರಿಗಳು ಬಯಲಲ್ಲಿ ಬಿದ್ದ ಬಂಡೆಯಿಂದ ಬಂದವು, ಕೊರೆದು ತೆಗೆದ ಕೋರ್ ಅಲ್ಲ. ಕಬ್ಬಿಣದ ಲೆಕ್ಕದಲ್ಲಿ ಜಾಸ್ತಿ ಹುಷಾರಾಗಿರು. ಸುಲಭವಾಗಿ ಪ್ರತಿಕ್ರಿಯಿಸುವ ಕಬ್ಬಿಣ ಒಟ್ಟು ಕಬ್ಬಿಣದಲ್ಲಿ 0.38ಕ್ಕಿಂತ ಹೆಚ್ಚಿದ್ದರೆ ಆಮ್ಲಜನಕವಿಲ್ಲ ಅನ್ನುತ್ತೇವೆ. ಅದರಲ್ಲಿ ಪೈರೈಟಿನ ಪಾಲು 0.7–0.8 ದಾಟಿದರೆ ಸಲ್ಫೈಡ್ ಇತ್ತು ಅನ್ನುತ್ತೇವೆ. ಮಳೆಗಾಳಿಗೆ ಪೈರೈಟ್ ಕರಗಿ ತುಕ್ಕಾದರೆ ಎರಡನೆಯದು ಕುಸಿಯುತ್ತದೆ. ಸಲ್ಫೈಡಿನ ಸಮುದ್ರ ಬರೀ ಕಬ್ಬಿಣದ ನೀರಿನ ಸಮುದ್ರದಂತೆ ಕಾಣುತ್ತದೆ. ಹಳದಿ ಪುಡಿ ಹಿಡಿದ ತುಂಡುಗಳನ್ನು ದಯವಿಟ್ಟು ಪಕ್ಕಕ್ಕಿಡು.

ಮಾದರಿಗಳನ್ನು ಪುಡಿ ಮಾಡಲು ಅಗೇಟ್ ಕಲ್ಲಿನ ಬಟ್ಟಲನ್ನೇ ಕೇಳು. ಟಂಗ್‌ಸ್ಟನ್ ಕಾರ್ಬೈಡ್ ಬಳಸಿದರೆ ಕೋಬಾಲ್ಟ್ ಸೇರಿಕೊಳ್ಳುತ್ತದೆ. ಎಲ್ಲ ಲೋಹಗಳನ್ನೂ ಅಲ್ಯುಮಿನಿಯಮ್‌ನಿಂದ ಭಾಗಿಸಿಯೇ ಹೋಲಿಸು.

ಯುರೇನಿಯಮ್ ಅಂಕಿ ಬಂದ ಮೇಲೆ ಮಾಲಿಬ್ಡಿನಮ್ ಮತ್ತು ಸಾವಯವ ಇಂಗಾಲದ ಜೊತೆ ಒಂದೇ ಹಾಳೆಯಲ್ಲಿ ಗ್ರಾಫ್ ಹಾಕಿ ಕಳಿಸು. ಆ ಕುಸಿತದ ಜಾಗದ ಫೋಟೊ ಕೂಡ ಬೇಕು, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆ.

ಇತಿ ನಿನ್ನ,
ದೊಡ್ಡಪ್ಪ